ಸನ್ನೆಗೋಲಿನ ಸಾಧನೆ

ಹೊಸ ದಿನಚರಿ ಪುಸ್ತಕದ ಮೊದಲ ಹದಿನೈದು ಪುಟಗಳಲ್ಲಿರುವಷ್ಟು ದುಂಡಾದ ಅಕ್ಷರಗಳು ಲೋಕದಲ್ಲಿ ಮತ್ತೆಲ್ಲಿಯೂ ಕಾಣಸಿಗಲಾರವು. ಯುಗಾದಿಯ ಮರುದಿನ ಬೆಳಗಿನ ಐದು ಗಂಟೆಗೆ ಎದ್ದು ಯೋಗಾಸನ ಹಾಕುವವರೆಷ್ಟು, ವೈಶಾಖ ಕಳೆಯುವ ಹೊತ್ತಿಗೆ ಹಾಗೆ ಏಳುವವರೆಷ್ಟು ಎಂಬುದನ್ನು ಯಾರಾದರೂ ಎಣಿಸಿ ನೋಡಿದರೆ ಮನುಷ್ಯಸ್ವಭಾವದ ಅರ್ಧ ರಹಸ್ಯ ಬಯಲಾಗಿಬಿಡುತ್ತದೆ. ವಿಜಯದಶಮಿಯ ಶುಭಮುಹೂರ್ತದಲ್ಲಿ ಮಗಳಿಗೆ ವೀಣೆಯ ಪಾಠ ಮೊದಲಾಗುತ್ತದೆ. ಸಂಕ್ರಾಂತಿಯ ಎಳ್ಳು ಬೀರುವ ವೇಳೆಗೆ ವೀಣೆ ಗವಸು ಹೊದ್ದುಕೊಂಡು ಬೀರುವಿನ ಮೇಲೆ ನಿದ್ರಿಸುತ್ತಿರುತ್ತದೆ. ಹಿರಿಯರು ಇದನ್ನು ಆರಂಭಶೂರತ್ವವೆಂದು ಕರೆದರು. ಶೂರತ್ವಗಳಲ್ಲೆಲ್ಲ ಅತಿ ಸುಲಭವಾದುದು ಇದೊಂದೇ ಇರಬೇಕು.

ಈ ವ್ಯಾಧಿ ಭರತಖಂಡಕ್ಕೆ ಮಾತ್ರ ಮೀಸಲಾದುದೆಂದು ಭಾವಿಸಬೇಕಾಗಿಲ್ಲ. ಅಮೆರಿಕೆಯ ಸಣ್ಣ ಊರುಗಳ ಎಷ್ಟೋ ಮನೆಗಳಲ್ಲಿ ಹೀಗೆ ಗವಸು ಹೊದ್ದು ಮೂಲೆ ಸೇರುವ ವಸ್ತು ವೀಣೆಯಲ್ಲ, ಕೋವಿ. ತಾತನಿಂದ ತಂದೆಗೆ, ತಂದೆಯಿಂದ ಮಗನಿಗೆ ಬಂದ ಲೀವರ್ ರೈಫಲ್ ವರ್ಷದ ಐವತ್ತೊಂದು ವಾರ ಬೀಗ ಹಾಕಿದ ಬೀರುವಿನಲ್ಲಿದ್ದು, ಬೇಟೆಯ ಋತು ತೆರೆಯುವ ಹಿಂದಿನ ದಿನ ಹೊರಕ್ಕೆ ಬರುತ್ತದೆ. ಒಡೆಯ ಅದರ ಧೂಳೊರಸಿ, ಎಣ್ಣೆ ಸವರಿ, ನಾಲ್ಕು ಗುಂಡು ಹಾರಿಸಿ, ನಾಲ್ಕರಲ್ಲಿ ಒಂದು ಗುರಿ ತಾಗಿದರೆ ‘ಪರವಾಗಿಲ್ಲ, ಕೈ ಮರೆತಿಲ್ಲ’ ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುತ್ತಾನೆ. ವೀಣೆಯ ಅಭ್ಯಾಸ ತಪ್ಪಿದರೆ ನೋಯುವುದು ಕೇಳುವವರ ಕಿವಿ ಮಾತ್ರ. ಕೋವಿಯ ಅಭ್ಯಾಸ ತಪ್ಪಿದರೆ ನೋಯುವುದು ಮತ್ತೊಂದು ಜೀವ. ಆದುದರಿಂದಲೇ ಈ ಒಂದು ವಿದ್ಯೆಯಲ್ಲಿ ಆರಂಭಶೂರತ್ವವನ್ನು ನಕ್ಕು ಕ್ಷಮಿಸುವಂತಿಲ್ಲ.

ಲೀವರ್ ರೈಫಲ್ ಎಂದರೇನೆಂದು ತಿಳಿಯಲು ಯಂತ್ರಶಾಸ್ತ್ರದ ಪರಿಚಯ ಬೇಕಾಗಿಲ್ಲ. ಅಮೆರಿಕೆಯ ದನಗಾಹಿಗಳ ಚಿತ್ರವನ್ನು ಒಂದಾದರೂ ನೋಡಿದವರಿಗೆ ಅದು ಪರಿಚಿತವೇ. ನಾಯಕನು ಕುದುರೆಯ ಜೀನಿನ ಪಕ್ಕದ ತೊಗಲಿನ ಚೀಲದಿಂದ ಕೋವಿಯನ್ನು ಸರ್ರನೆ ಎಳೆದು, ಅದರ ಕೆಳಭಾಗದಲ್ಲಿರುವ ಕಬ್ಬಿಣದ ಬಳೆಯಂಥ ಹಿಡಿಯನ್ನು ಕೆಳಕ್ಕೆ ತಳ್ಳಿ ಮತ್ತೆ ಮೇಲಕ್ಕೆಳೆಯುತ್ತಾನೆ. ‘ಖಟ್-ಖಟಕ್’ ಎಂಬ ಎರಡು ಸದ್ದು ಕೇಳಿಸುತ್ತದೆ. ಆ ಬಳೆಯೇ ಸನ್ನೆಗೋಲು. ಅದನ್ನು ಮುಂದಕ್ಕೆ ತಳ್ಳಿದಾಗ ಹಿಂದಿನ ಬಾಗಿಲು ತೆರೆದುಕೊಂಡು ಸುಟ್ಟ ತೋಟೆಯ ಖಾಲಿ ಚಿಪ್ಪು ಹೊರಕ್ಕೆ ಚಿಮ್ಮುತ್ತದೆ, ಕುದುರೆಯೆಂದು ಹಳ್ಳಿಗರು ಕರೆಯುವ ಸುತ್ತಿಗೆ ಹಿಂದಕ್ಕೆ ಬಾಗುತ್ತದೆ. ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೊಂದು ಸಾಲಾಗಿ ನಿಂತ ತೋಟೆಗಳಲ್ಲಿ ಒಂದು ಮೇಲಕ್ಕೆ ಬರುತ್ತದೆ. ಸನ್ನೆಯನ್ನು ಹಿಂದಕ್ಕೆಳೆದಾಗ ಅದು ನಳಿಗೆಯೊಳಕ್ಕೆ ಸೇರಿ ಬಾಗಿಲು ಮುಚ್ಚುತ್ತದೆ. ಇಷ್ಟೂ ಕೆಲಸ ಒಂದು ಕೈಯ ಎರಡು ಚಲನೆಗಳಲ್ಲಿ ಮುಗಿಯುತ್ತದೆ. ಕೊಳವೆಯಲ್ಲಿ ಒಂದು ತೋಟೆಯ ಮೂತಿ ಮುಂದಿನ ತೋಟೆಯ ಬೆನ್ನಿಗೆ ತಾಗಿಕೊಂಡಿರುವುದರಿಂದ, ಚೂಪು ಲೋಹದ ಮೂತಿಯ ಗುಂಡು ಬಳಸಿದರೆ ಅಲ್ಲಿಯೇ ಸಿಡಿದುಹೋಗುವ ಅಪಾಯವುಂಟು. ಆದಕಾರಣ ಇದರ ಗುಂಡುಗಳಿಗೆ ಬಹುಮಟ್ಟಿಗೆ ಚಪ್ಪಟೆ ಮೂಗು.

ಇದರ ಚರಿತ್ರೆಯೂ ಸ್ವಾರಸ್ಯಕರವಾಗಿದೆ. 1860ರಲ್ಲಿ ಕನೆಕ್ಟಿಕಟ್ ಸಂಸ್ಥಾನದ ನ್ಯೂ ಹೇವನ್ ನಗರದಲ್ಲಿ ಬೆಂಜಮಿನ್ ಟೈಲರ್ ಹೆನ್ರಿ ಎಂಬ ಕುಶಲಿ ಇಂಥದೊಂದು ರೈಫಲಿಗೆ ಹಕ್ಕುಪತ್ರ ಪಡೆದನು. ಅವನ ಯಜಮಾನ ಆಲಿವರ್ ವಿಂಚೆಸ್ಟರನು ಅದಕ್ಕೆ ಮುಂಚೆ ಅಂಗಿಗಳನ್ನು ತಯಾರಿಸಿ ಹಣ ಕೂಡಿಸಿದ್ದವನು. ಸೈನಿಕನೊಬ್ಬ ಒಂದು ಗುಂಡು ಹಾರಿಸಿ, ಮತ್ತೆ ಮದ್ದು ತುಂಬಿ, ಗಜ ಹಾಕಿ ಜಡಿಯುತ್ತಿದ್ದ ಕಾಲದಲ್ಲಿ ಹೆನ್ರಿಯ ಕೋವಿ ಒಮ್ಮೆ ತುಂಬಿದರೆ ಹದಿನಾರು ಬಾರಿ ನುಡಿಯುತ್ತಿತ್ತು. ಭಾನುವಾರ ತುಂಬಿ ವಾರವೆಲ್ಲ ಹಾರಿಸುವ ಕೋವಿಯೆಂದು ಅಂತರ್ಯುದ್ಧದ ವೈರಿಗಳು ಅದನ್ನು ಹಳಿದರೆಂದು ಪ್ರತೀತಿ. 1866ರಲ್ಲಿ ವಿಂಚೆಸ್ಟರನ ಹೆಸರಿನಲ್ಲಿಯೇ ಕೋವಿ ಹೊರಟಿತು. 1873ರ ಮಾದರಿ ಪಶ್ಚಿಮದ ಬಯಲುಗಳಲ್ಲಿ ಮನೆಮಾತಾಯಿತು. ಜಾನ್ ಬ್ರೌನಿಂಗ್ ರೂಪಿಸಿದ 1894ರ ಮಾದರಿ ಎಪ್ಪತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು. ಅದಕ್ಕೆಂದು 1895ರಲ್ಲಿ ಬಂದ ‘ತರ್ಟಿ-ತರ್ಟಿ’ ತೋಟೆ ಹೊಗೆಯಿಲ್ಲದ ಮದ್ದಿನದು. ಅಂದಿನಿಂದ ಅಮೆರಿಕೆಯ ಪೂರ್ವದ ಕಾಡುಗಳಲ್ಲಿ ಜಿಂಕೆಯ ಬೇಟೆಯೆಂದರೆ ತರ್ಟಿ-ತರ್ಟಿ ಎಂಬಂತಾಯಿತು. ನ್ಯೂ ಹೇವನ್ನಿನ ಕಾರ್ಖಾನೆ 2006ರಲ್ಲಿ ಬಾಗಿಲು ಮುಚ್ಚಿತಾದರೂ ಕೋವಿಯ ವಂಶ ನಿಲ್ಲಲಿಲ್ಲ. ಅದೇ ಹೆಸರಿನ ರೈಫಲುಗಳು ಜಪಾನಿನಲ್ಲಿ ತಯಾರಾಗತೊಡಗಿದವು.

ಪೆನ್ಸಿಲ್ವೇನಿಯ ಸಂಸ್ಥಾನದ ಬೆಟ್ಟಸಾಲಿನ ಒಂದು ಊರಿನಲ್ಲಿ ಒಬ್ಬ ಗೃಹಸ್ಥನನ್ನು ಊಹಿಸಿಕೊಳ್ಳೋಣವಾಗಲಿ. ವಯಸ್ಸು ನಲವತ್ತರ ಸಮೀಪ. ಶಾಲೆಯ ಲೆಕ್ಕಪತ್ರ ನೋಡುವ ಉದ್ಯೋಗ. ಹೆಂಡತಿ, ಇಬ್ಬರು ಮಕ್ಕಳು. ತಂದೆಯಿಂದ ಬಂದ ಒಂದು ತರ್ಟಿ-ತರ್ಟಿ. ಆ ಸಂಸ್ಥಾನದಲ್ಲಿ ದೊಡ್ಡ ಮೃಗಗಳ ಬೇಟೆಗೆ ತಾನೇ ತುಂಬಿಕೊಳ್ಳುವ ರೈಫಲುಗಳಿಗೆ ಬಹುಕಾಲ ಮನ್ನಣೆಯಿಲ್ಲದಿದ್ದುದರಿಂದ ಲೀವರ್ ಕೋವಿಗೆ ಅಲ್ಲಿ ವಿಶೇಷ ಮರ್ಯಾದೆ. ಬೇಟೆಯ ಋತು ಮೊದಲಾಗುವ ದಿನ ಅಲ್ಲಿ ಹಬ್ಬದಂತೆಯೇ. 2018ರ ವರೆಗೂ ಅದು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮುಂದಿನ ಸೋಮವಾರ ಬರುತ್ತಿತ್ತು. ಅನೇಕ ಶಾಲೆಗಳು ಅಂದು ರಜಾ ಕೊಡುತ್ತಿದ್ದವು. 2019ರಿಂದ ಆ ದಿನ ಶನಿವಾರಕ್ಕೆ ಬದಲಾಯಿತು. ಬೇಟೆಗಾರರು ದೂರಕ್ಕೆ ಕಾಣುವ ಕೇಸರಿ ಬಣ್ಣದ ಅಂಗಿ, ಟೋಪಿ ತೊಟ್ಟು ಬೆಳಕು ಹರಿಯುವ ಮುನ್ನವೇ ಕಾಡು ಸೇರುತ್ತಾರೆ. ಒಬ್ಬರ ಗುಂಡಿಗೆ ಮತ್ತೊಬ್ಬರು ಗುರಿಯಾಗದಿರಲೆಂದು ಸರಕಾರವೇ ವಿಧಿಸಿದ ವೇಷವದು.

ಕಾಡಿನ ಆ ಬೆಳಗಿನಲ್ಲಿ ಏನಾಗಬಹುದೆಂಬುದನ್ನು ಬೇಟೆಗಾರರ ಮನೆಗಳಲ್ಲಿ ಎಲ್ಲರೂ ಬಲ್ಲರು, ಆದರೆ ಊಟದ ಹೊತ್ತಿನಲ್ಲಿ ಯಾರೂ ಆಡರು. ಗುಂಡು ಎದೆಯ ಗೂಡಿಗೆ ನೇರವಾಗಿ ಬಿದ್ದರೆ ಬಿಳಿಬಾಲದ ಜಿಂಕೆ ನೂರು ಗಜ ಓಡುವುದರೊಳಗೆ ಉರುಳುತ್ತದೆ. ಒಂದು ಗೇಣು ಹಿಂದಕ್ಕೆ ಸರಿದರೆ ಹೊಟ್ಟೆ. ಒಂದು ಗೇಣು ಕೆಳಕ್ಕೆ ಸರಿದರೆ ಕಾಲು. ಆಗ ಆ ಪ್ರಾಣಿ ಬೀಳುವುದಿಲ್ಲ, ಓಡುತ್ತದೆ. ತರಗೆಲೆಗಳ ಮೇಲೆ ಬಿದ್ದ ರಕ್ತದ ಹನಿಗಳನ್ನು ಹುಡುಕುತ್ತ ಮನುಷ್ಯ ಅದರ ಹಿಂದೆ ನಡೆಯುತ್ತಾನೆ. ಹನಿಗಳು ಅಪರೂಪವಾಗುತ್ತವೆ, ಹೊತ್ತು ಮುಳುಗುತ್ತದೆ, ಹಿಮ ಬೀಳತೊಡಗುತ್ತದೆ. ಮನೆಗೆ ಬಂದ ಗೃಹಸ್ಥನಿಗೆ ಬಿಸಿ ಸೂಪು ಕಾದಿರುತ್ತದೆ. ಜಿಂಕೆಗೆ ಆ ರಾತ್ರಿ ಏನು ಕಾದಿದೆಯೆಂಬುದನ್ನು ಹೇಳಬೇಕಾಗಿಲ್ಲ. ಬೇಟೆ ಸರಿಯೋ ತಪ್ಪೋ ಎಂಬ ವಾದ ಒಂದು ಕಡೆಗಿರಲಿ. ಕೊಲ್ಲಲು ಹೊರಟವನು ಹಿಂಸಿಸಬಾರದೆಂಬುದನ್ನು ಆ ವಾದದ ಎರಡು ಪಕ್ಷದವರೂ ಒಪ್ಪುತ್ತಾರೆ. ಗೇಣಿನ ಆ ವ್ಯತ್ಯಾಸವನ್ನು ನಿರ್ಣಯಿಸುವುದು ಋತುವಿನ ಮೊದಲ ದಿನದ ಉತ್ಸಾಹವಲ್ಲ, ಹಿಂದಿನ ಮುನ್ನೂರು ದಿನಗಳ ಅಭ್ಯಾಸ.

ಅಮೆರಿಕೆಯ ಅಧ್ಯಕ್ಷನಾಗಿದ್ದ ಥಿಯೋಡೋರ್ ರೂಸ್ವೆಲ್ಟನಿಗೆ ಲೀವರ್ ರೈಫಲಿನ ಮೇಲೆ ಬಲು ಮೋಹ. 1909ರಲ್ಲಿ ಆಫ್ರಿಕಕ್ಕೆ ಹೊರಟಾಗಲೂ ವಿಂಚೆಸ್ಟರನ್ನು ಒಯ್ದಿದ್ದನು. ಕನ್ನಡಕವಿಲ್ಲದಿದ್ದರೆ ಆತನಿಗೆ ದೂರದ್ದು ಕಾಣುತ್ತಿರಲಿಲ್ಲ. ಮೊದಲ ಬಾರಿಗೆ ಜಿಂಕೆಯನ್ನು ಎದುರು ಕಂಡ ಮನುಷ್ಯನ ಕೈಕಾಲು ನಡುಗುವುದನ್ನು ಕುರಿತು ಆತ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅಲ್ಲಿ ಬೇಕಾದದ್ದು ಧೈರ್ಯವಲ್ಲ, ನರಗಳ ಹತೋಟಿ. ಅದು ಬರುವುದು ಮತ್ತೆ ಮತ್ತೆ ಮಾಡಿದ ಅಭ್ಯಾಸದಿಂದ ಮಾತ್ರ ಎಂಬುದು ಆತನ ಅಭಿಪ್ರಾಯ. ಮಹಾಭಾರತದ ವಾಚಕರಿಗೆ ಇದು ಹೊಸ ಮಾತಲ್ಲ. ಗಾಳಿಗೆ ದೀಪ ಆರಿಹೋದರೂ ತನ್ನ ಕೈ ತುತ್ತನ್ನು ಬಾಯಿಗೇ ಒಯ್ಯುತ್ತಿರುವುದನ್ನು ಕಂಡು ಅರ್ಜುನನು ಕತ್ತಲಲ್ಲಿ ಬಿಲ್ಲಿನ ಅಭ್ಯಾಸಕ್ಕೆ ತೊಡಗಿದನು. ಆ ಹೆದೆಯ ಸದ್ದು ಕೇಳಿ ದ್ರೋಣರು ಎದ್ದುಬಂದು ಶಿಷ್ಯನನ್ನು ಅಪ್ಪಿಕೊಂಡರು. ಕಣ್ಣಿನ ಅಪ್ಪಣೆಗೆ ಕಾಯದೆ ಕೈ ತನ್ನ ದಾರಿ ತಾನು ಹಿಡಿಯುವಂತಾಗಬೇಕು. ಅಷ್ಟರಮಟ್ಟಿಗೆ ಬಿಲ್ಲಿಗೂ ಕೋವಿಗೂ ಒಂದೇ ಶಾಸ್ತ್ರ.

ಹಾಗಾದರೆ ಅಭ್ಯಾಸ ಎಷ್ಟು ಹೊತ್ತು? ಉತ್ಸಾಹಿಗಳು ಇಲ್ಲಿಯೇ ಎಡವುತ್ತಾರೆ. ಭಾನುವಾರ ಇಡೀ ದಿನ ಮೈದಾನದಲ್ಲಿ ಕಳೆದು ಇನ್ನೂರು ಗುಂಡು ಸುಟ್ಟು, ಭುಜ ಊದಿಸಿಕೊಂಡು ಮನೆಗೆ ಬಂದರೆ ಮಹಾಸಾಧನೆ ಮಾಡಿದಂತೆ ತೋರುತ್ತದೆ. ಇಂಗ್ಲೆಂಡಿನಲ್ಲಿ ಅಂಚೆ ಇಲಾಖೆಯ ನೌಕರರಿಗೆ ಕೀಲಿಮಣೆಯ ಮೇಲೆ ಬೆರಳಾಡಿಸುವುದನ್ನು ಕಲಿಸಿದಾಗ ಬ್ಯಾಡ್ಲಿ ಮತ್ತು ಲಾಂಗ್‌ಮನ್ ಎಂಬ ಮನಶ್ಶಾಸ್ತ್ರಜ್ಞರು ನಡೆಸಿದ ಪರೀಕ್ಷೆಯೊಂದು 1978ರಲ್ಲಿ ಪ್ರಕಟವಾಯಿತು. ದಿನಕ್ಕೆ ಒಂದೇ ಗಂಟೆ ಕಲಿತವರು, ದಿನಕ್ಕೆ ನಾಲ್ಕು ಗಂಟೆ ಕಲಿತವರಿಗಿಂತ ಪ್ರತಿ ಗಂಟೆಗೂ ಹೆಚ್ಚು ಕಲಿತರು. ವಿನೋದವೆಂದರೆ, ಒಂದು ಗಂಟೆಯ ಗುಂಪಿನವರಿಗೇ ತಮ್ಮ ಪಾಠಕ್ರಮದ ಬಗೆಗೆ ಎಲ್ಲರಿಗಿಂತ ಕಡಿಮೆ ತೃಪ್ತಿ! ಮೈ ದಣಿದರೆ ವಿದ್ಯೆ ಬಂತೆಂದು ಮನಸ್ಸು ನಂಬುತ್ತದೆ. ಸ್ವಲ್ಪ ಸ್ವಲ್ಪವಾಗಿ ನಿತ್ಯವೂ ಮಾಡುವವನು ಈ ತೃಪ್ತಿಯನ್ನು ತ್ಯಜಿಸಲು ಸಿದ್ಧನಾಗಿರಬೇಕು.

ಆ ಗೃಹಸ್ಥನು ಹಾಕಿಕೊಂಡ ನಿಯಮ ಇಷ್ಟೆ. ರಾತ್ರಿಯ ಊಟವಾಗಿ ಮಕ್ಕಳು ಮಲಗಿದ ಮೇಲೆ ಹದಿನೈದು ನಿಮಿಷ, ತೋಟೆಯಿಲ್ಲದ ಅಭ್ಯಾಸ. ಗುಂಡೇ ಇಲ್ಲದೆ ಗುಂಡು ಹೊಡೆಯುವುದನ್ನು ಕಲಿಯುವುದು ಹೇಗೆಂದು ನಗುವವರು, ಕೀರ್ತನೆಗೆ ಮುಂಚೆ ವರ್ಷಗಟ್ಟಲೆ ಸರಳೆ ವರಸೆ ಏಕೆ ನುಡಿಸುತ್ತಾರೆಂದು ಕೇಳಿಕೊಳ್ಳಬಹುದು. ಆದರೆ ಇದಕ್ಕೆ ಪೂಜೆಯಷ್ಟೇ ಕಟ್ಟುನಿಟ್ಟಾದ ಪೂರ್ವಾಂಗವುಂಟು. ತೋಟೆಗಳೆಲ್ಲ ಬೇರೆ ಕೋಣೆಯಲ್ಲಿರಬೇಕು. ಸನ್ನೆಯನ್ನು ತೆರೆದು ನಳಿಗೆಯ ಬಾಯಿಯನ್ನೂ ಕೊಳವೆಯ ತುದಿಯನ್ನೂ ಕಣ್ಣಿನಿಂದ ಒಮ್ಮೆ, ಬೆರಳಿನಿಂದ ಒಮ್ಮೆ ಪರೀಕ್ಷಿಸಬೇಕು. ಕೊಳವೆಯೊಳಗೆ ಒಂದು ತೋಟೆ ಸಿಕ್ಕಿಕೊಂಡು ನಿಂತಿರುವುದು ಈ ಕೋವಿಯ ದುರ್ಗುಣ. ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ಗುರಿಯೆಂದು ಅಂಟಿಸಿದ ಕಪ್ಪು ಚುಕ್ಕೆಯ ಹಿಂದೆ ನೆಲಮಾಳಿಗೆಯ ಕಲ್ಲುಗೋಡೆಯಿರಬೇಕು. ಎಲ್ಲ ಕೋವಿಯೂ ತುಂಬಿದ ಕೋವಿಯೆಂದೇ ಎಣಿಸಬೇಕು. ನಾಶಮಾಡಬಾರದ ವಸ್ತುವಿನ ಕಡೆಗೆ ಮೂತಿ ತಿರುಗಕೂಡದು. ಗುರಿಯ ಮೇಲೆ ಕಣ್ಣು ನಿಲ್ಲುವವರೆಗೆ ಟ್ರಿಗರಿನ ಮೇಲೆ ಬೆರಳು ಬರಕೂಡದು. ಗುರಿ ಯಾವುದು, ಅದರ ಹಿಂದೆ ಏನಿದೆ ಎಂಬುದು ಗೊತ್ತಿರಬೇಕು. ಈ ನಾಲ್ಕು ವಿಧಿಗಳು ಖಾಲಿ ಕೋವಿಗೂ ಅನ್ವಯಿಸುತ್ತವೆ.

ಅಭ್ಯಾಸದ ಅಂಗಗಳು ನಾಲ್ಕು. ಮೊದಲನೆಯದು, ಕೋವಿಯನ್ನು ಸೊಂಟದ ಮಟ್ಟದಿಂದ ಭುಜಕ್ಕೆ ಏರಿಸುವುದು, ಹತ್ತು ಬಾರಿ. ಪ್ರತಿ ಸಲವೂ ಮರದ ಹಿಡಿ ಭುಜದ ಒಂದೇ ಕುಳಿಯಲ್ಲಿ ಕೂರಬೇಕು, ಕೆನ್ನೆ ಒಂದೇ ಜಾಗಕ್ಕೆ ಒರಗಬೇಕು. ಎರಡನೆಯದು ಟ್ರಿಗರ್ ಒತ್ತುವುದು, ಹತ್ತು ಬಾರಿ. ಬೇಟೆಯ ಕೋವಿಯ ಕುದುರೆಗೆ ಪೆಟ್ಟು ಬೀಳದಿರಲೆಂದು ಹುಸಿತೋಟೆಯನ್ನು ಒಳಗಿಡುತ್ತಾರೆ. ಅದರಲ್ಲಿ ಮದ್ದಿಲ್ಲ, ಗುಂಡಿಲ್ಲ. ನಳಿಗೆಯ ಮೇಲೆ ಒಂದು ಬಿಲ್ಲೆ ನಾಣ್ಯವನ್ನಿಟ್ಟು, ಕುದುರೆ ಬಿದ್ದಾಗಲೂ ನಾಣ್ಯ ಉರುಳದಂತೆ ಒತ್ತಬೇಕು. ಮೊದಲ ವಾರವೆಲ್ಲ ಗೃಹಸ್ಥನ ನೆಲಮಾಳಿಗೆಯಿಂದ ಕೇಳಿಬರುತ್ತಿದ್ದುದು ನಾಣ್ಯ ಉರುಳುವ ಸದ್ದೇ. ಕೆಳಗೆ ಕುಳಿತು ದುಡ್ಡೆಣಿಸುತ್ತಿರುವುದೇ ಬೇಟೆಯಭ್ಯಾಸವೇನೆಂದು ಹೆಂಡತಿ ಮೇಲಿನಿಂದ ವಿಚಾರಿಸಿದಳು.

ಮೂರನೆಯ ಅಂಗ ಸನ್ನೆಯದು. ಅನನುಭವಿಗಳು ಒಂದು ಗುಂಡು ಹಾರಿಸಿದೊಡನೆ ಕೋವಿಯನ್ನು ಭುಜದಿಂದ ಇಳಿಸಿ, ಸನ್ನೆಯನ್ನು ನೋಡುತ್ತ ಅದನ್ನು ಆಡಿಸಿ, ಮತ್ತೆ ಭುಜಕ್ಕೇರಿಸುತ್ತಾರೆ. ಅಷ್ಟರಲ್ಲಿ ಜಿಂಕೆ ಪಕ್ಕದ ಜಿಲ್ಲೆಯನ್ನು ಸೇರಿರುತ್ತದೆ. ಕೆನ್ನೆಯನ್ನು ಎತ್ತದೆ, ಕಣ್ಣನ್ನು ಗುರಿಯಿಂದ ತೆಗೆಯದೆ ಸನ್ನೆಯನ್ನು ಪೂರ್ಣವಾಗಿ ತಳ್ಳಿ ಪೂರ್ಣವಾಗಿ ಎಳೆಯಬೇಕು. ಅವಸರದಿಂದ ಅರ್ಧ ತಳ್ಳಿ ಹಿಂದಕ್ಕೆಳೆದರೆ ತೋಟೆ ಒಳಗೆ ಬರುವುದಿಲ್ಲ, ಅಥವಾ ಅಡ್ಡವಾಗಿ ಸಿಕ್ಕಿಕೊಳ್ಳುತ್ತದೆ. ಸನ್ನೆಯ ಬಳೆ ಬೆರಳ ಗೆಣ್ಣುಗಳನ್ನು ಉಜ್ಜಿ ಕೆಂಪಾಗಿಸುವುದು ಇಲ್ಲಿಯ ದಕ್ಷಿಣೆ. 1950ರ ‘ವಿಂಚೆಸ್ಟರ್ 73’ ಚಿತ್ರದಲ್ಲಿ ನಟಿಸಿದ ಜೇಮ್ಸ್ ಸ್ಟೂವರ್ಟನು ಇದೇ ಅಭ್ಯಾಸದಿಂದ ಗೆಣ್ಣು ಸುಲಿಸಿಕೊಂಡನೆಂದು ಅದರ ನಿರ್ದೇಶಕ ಆಂಥೊನಿ ಮ್ಯಾನ್ ನೆನೆದಿದ್ದಾನೆ. ತೆರೆಯ ಮೇಲೆ ಸುಲಭವಾಗಿ ಕಾಣುವ ಆ ‘ಖಟ್-ಖಟಕ್’ ಸುಲಭವಾಗಿ ಬಂದುದಲ್ಲ.

ನಾಲ್ಕನೆಯದು ಕೇಳುವವರಿಗೆ ವಿಚಿತ್ರವೆನಿಸುತ್ತದೆ: ಗುಂಡು ಹಾರಿಸದೆ ಇರುವುದರ ಅಭ್ಯಾಸ. ಹಳೆಯ ಲೀವರ್ ಕೋವಿಗಳಲ್ಲಿ ಬೇರೆ ಬೀಗವಿಲ್ಲ. ಎತ್ತಿದ ಕುದುರೆಯನ್ನು ಹೆಬ್ಬೆರಳಿನಿಂದ ಬಿಗಿಯಾಗಿ ಹಿಡಿದು, ಟ್ರಿಗರನ್ನು ಒತ್ತಿ, ಕುದುರೆಯನ್ನು ಮೆಲ್ಲಗೆ ಇಳಿಸಿ, ಮತ್ತೆ ಅರ್ಧಕ್ಕೆ ತಂದು ನಿಲ್ಲಿಸಬೇಕು. ಚಳಿಯಲ್ಲಿ ಮರಗಟ್ಟಿದ ಹೆಬ್ಬೆರಳು ಜಾರಿದರೆ ತುಂಬಿದ ಕೋವಿ ಹಾರಿಹೋಗುತ್ತದೆ. ಆದಕಾರಣ ಮೂತಿಯನ್ನು ನಿರಪಾಯವಾದ ದಿಕ್ಕಿಗೆ ಹಿಡಿದು, ಖಾಲಿ ಕೋವಿಯಲ್ಲಿ ಇದನ್ನು ದಿನವೂ ಹತ್ತು ಬಾರಿ ಮಾಡಬೇಕು. ಇದು ಮುಗಿದೊಡನೆ ಗೃಹಸ್ಥನು ‘ಇಂದಿನ ಅಭ್ಯಾಸ ಮುಗಿಯಿತು’ ಎಂದು ಗಟ್ಟಿಯಾಗಿ ಹೇಳಿ, ಕೋವಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾನೆ. ಕೋವಿಯನ್ನು ಒಳಗಿಟ್ಟ ಮೇಲೆ ‘ಇನ್ನೊಂದೇ ಸಲ’ ಎಂದು ಮತ್ತೆ ತೆಗೆಯುವ ಕೈಯೇ ಅನರ್ಥಕ್ಕೆ ಮೂಲವೆಂದು ಅನುಭವಿಗಳು ಎಚ್ಚರಿಸುತ್ತಾರೆ. ಮಂಗಳಾರತಿಯಾದ ಮೇಲೆ ಮತ್ತೆ ಆವಾಹನೆಯಿಲ್ಲ.

ವಾರಕ್ಕೊಮ್ಮೆ ಮೈದಾನ. ಅಲ್ಲಿಗೆ ತರ್ಟಿ-ತರ್ಟಿ ಹೋಗುವುದಿಲ್ಲ. ಅದರ ತಮ್ಮನಾದ ಪಾಯಿಂಟ್ ಟೂ ಟೂ ಹೋಗುತ್ತದೆ. ಕಾಲೇಜಿನಲ್ಲಿ ಎನ್.ಸಿ.ಸಿ. ಸೇರಿದ್ದವರಿಗೆಲ್ಲ ಈ ಪುಟ್ಟ ತೋಟೆಯ ಪರಿಚಯವಿರುತ್ತದೆ. ಅದೇ ತೋಟೆಗೆ ಲೀವರ್ ಕೋವಿಗಳೂ ಉಂಟು. ಮಾರ್ಲಿನ್ ಕಾರ್ಖಾನೆ 1891ರಲ್ಲಿಯೇ ಅಂಥದೊಂದನ್ನು ಹೊರತಂದಿತು. ಬೆಲೆ ಅಲ್ಪ, ಸದ್ದು ಸಣ್ಣದು, ಭುಜಕ್ಕೆ ಪೆಟ್ಟಿಲ್ಲ. ಹಾಗೆಂದು ಆಟಿಕೆಯೆಂದು ತಿಳಿಯಬಾರದು. ಅದರ ಗುಂಡು ಒಂದು ಮೈಲಿಗೂ ಮೀರಿ ಹೋಗಬಲ್ಲುದು, ಹಿಂದೆ ಮಣ್ಣಿನ ದಿಬ್ಬ ಇರಲೇಬೇಕು. ನಲವತ್ತು ಗುಂಡು, ಇಪ್ಪತ್ತೈದು ಗಜದಲ್ಲಿ ಇಪ್ಪತ್ತು, ಐವತ್ತು ಗಜದಲ್ಲಿ ಇಪ್ಪತ್ತು. ಕುಳಿತು, ಮಂಡಿಯೂರಿ, ನಿಂತು ಹೊಡೆಯಬೇಕು. ಬೋರಲು ಮಲಗಿ ಹೊಡೆಯುವುದು ಈ ಕೋವಿಗೆ ಅಷ್ಟು ಒಗ್ಗದು, ಸನ್ನೆ ನೆಲಕ್ಕೆ ತಾಗುತ್ತದೆ. ಇಲ್ಲಿಯ ಮುಖ್ಯ ಸೂತ್ರ ಮತ್ತೊಂದು: ಮೊದಲ ಗುಂಡನ್ನು ಬೇರೆಯಾಗಿ ಬರೆದಿಡಬೇಕು. ನಲವತ್ತನೆಯ ಗುಂಡು ಎಷ್ಟು ಚೆನ್ನಾಗಿ ಬಿದ್ದರೇನು, ಕಾಡಿನಲ್ಲಿ ಜಿಂಕೆ ಮೂವತ್ತೊಂಬತ್ತು ಗುಂಡುಗಳ ವರೆಗೆ ಕಾಯುವುದಿಲ್ಲ. ಕೈ ಬೆಚ್ಚಗಾಗುವ ಮುನ್ನ ಬಿದ್ದ ಗುಂಡೇ ಮನುಷ್ಯನ ನಿಜವಾದ ಅಂಕ.

ತಿಂಗಳಿಗೊಮ್ಮೆ ಅಣ್ಣನ ಸರದಿ. ತರ್ಟಿ-ತರ್ಟಿಯ ಇಪ್ಪತ್ತು ತೋಟೆ, ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ. ಇಲ್ಲಿ ಹೊರಬೀಳುವ ಶತ್ರು ಬೆಚ್ಚುವಿಕೆ. ಸದ್ದಿಗೂ ಪೆಟ್ಟಿಗೂ ಹೆದರಿದ ಮೈ, ಕುದುರೆ ಬೀಳುವ ಕ್ಷಣಕ್ಕೆ ಸರಿಯಾಗಿ ತಾನೇ ಮುಂದಕ್ಕೆ ಮುಗ್ಗರಿಸುತ್ತದೆ; ಗುಂಡು ಕೆಳಕ್ಕೆ ಬೀಳುತ್ತದೆ. ಮಾಡಿದವನಿಗೆ ತಾನು ಬೆಚ್ಚಿದ್ದು ತಿಳಿಯುವುದೇ ಇಲ್ಲ, ಕೋವಿಯ ಧಕ್ಕೆಯಲ್ಲಿ ಎಲ್ಲವೂ ಮುಚ್ಚಿಹೋಗುತ್ತದೆ. ಇದಕ್ಕೊಂದು ಸೊಗಸಾದ ಉಪಾಯವಿದೆ. ಸ್ನೇಹಿತನೊಬ್ಬ ನಿಜತೋಟೆಗಳ ನಡುವೆ ಹುಸಿತೋಟೆಗಳನ್ನು ಬೆರೆಸಿ ಕೊಳವೆಗೆ ತುಂಬಿ ಕೊಡುತ್ತಾನೆ. ಯಾವುದು ಯಾವಾಗ ಬರುವುದೆಂದು ಹೊಡೆಯುವವನಿಗೆ ತಿಳಿಯದು. ಹುಸಿತೋಟೆ ಬಂದಾಗ ಬರಿಯ ‘ಟಿಕ್’ ಸದ್ದಾಗುತ್ತದೆ, ಆದರೆ ಮೂತಿ ಮಾತ್ರ ಕುಣಿದುಬಿಡುತ್ತದೆ. ಗೃಹಸ್ಥನು ಮೊದಲ ಸಲ ಇದನ್ನು ಮಾಡಿದಾಗ ಐದು ಹುಸಿತೋಟೆಗಳಿಗೆ ನಾಲ್ಕು ಬಾರಿ ಬೆಚ್ಚಿದನು. ಹದಿನೈದು ವರ್ಷ ಕೋವಿ ಹಿಡಿದವನು ತಾನೆಂಬ ಗರ್ವ ಆ ನಾಲ್ಕು ‘ಟಿಕ್’ಗಳಲ್ಲಿ ಇಳಿಯಿತು. ಆರು ತಿಂಗಳ ಮೇಲೆ ಐದಕ್ಕೆ ಒಂದಾಯಿತು.

ಇಷ್ಟಕ್ಕೂ ಆಧಾರ ಒಂದು ಸಣ್ಣ ನೋಟ್‌ಬುಕ್ಕು. ತಾರೀಖು, ದೂರ, ಭಂಗಿ, ಗುಂಡುಗಳ ಸಂಖ್ಯೆ, ತಾಗಿದವು, ಮೊದಲ ಗುಂಡು ಎಲ್ಲಿ ಬಿತ್ತೆಂಬ ವಿವರ. ಗುರಿ ಒಂಬತ್ತು ಅಂಗುಲದ ಕಾಗದದ ತಟ್ಟೆ; ಜಿಂಕೆಯ ಎದೆಗೂಡಿನ ಮರ್ಮಸ್ಥಾನ ಹೆಚ್ಚು ಕಡಿಮೆ ಅಷ್ಟೇ ಅಗಲ. ತಟ್ಟೆಯ ಒಳಗೆ ಬಿದ್ದರೆ ಲೆಕ್ಕಕ್ಕುಂಟು, ಅಂಚಿನ ಹೊರಗೆ ಬಿದ್ದರೆ ಇಲ್ಲ. ‘ಹತ್ತಿರ ಬಿತ್ತು’ ಎಂಬ ಕಾಲಂ ಆ ಪುಸ್ತಕದಲ್ಲಿಲ್ಲ. ತಪ್ಪಿದ ದಿನವನ್ನು ಖಾಲಿ ಬಿಡುತ್ತಾನೆ, ಮರುದಿನ ಮೂವತ್ತು ನಿಮಿಷ ಮಾಡಿ ಸಾಲ ತೀರಿಸಲು ಹೋಗುವುದಿಲ್ಲ. ಸಾಲ ತೀರಿಸಹೊರಟವರು ಬಡ್ಡಿ ಬೆಳೆದು ಕೊನೆಗೆ ಅಂಗಡಿಯನ್ನೇ ಮುಚ್ಚುವುದು ಆರಂಭಶೂರರ ಸಾಮಾನ್ಯ ಕಥೆ. ಮಗುವಿಗೆ ಜ್ವರ ಬಂದ ವಾರ ನಾಲ್ಕು ದಿನ ಖಾಲಿ ಬಿದ್ದವು. ಐದನೆಯ ದಿನ ಏನೂ ಆಗಿಲ್ಲವೆಂಬಂತೆ ಹದಿನೈದೇ ನಿಮಿಷ. ನಾಲ್ಕನೆಯ ತಿಂಗಳಿನಲ್ಲಿ ಅಂಕಗಳು ಏರದೆ ಇಳಿಯದೆ ಒಂದೇ ಕಡೆ ನಿಂತವು. ಅಂಥ ಬಯಲು ಎಲ್ಲ ವಿದ್ಯೆಯ ದಾರಿಯಲ್ಲಿಯೂ ಬರುತ್ತದೆ. ಅಲ್ಲಿಂದ ಹಿಂದಿರುಗಿದವರ ವೀಣೆಗಳೇ ಬೀರುವಿನ ಮೇಲಿರುವವು.

ಅಭ್ಯಾಸವನ್ನು ಕೈಬಿಡದವರ ಮಾತು ಬಂದಾಗ ಆನಿ ಓಕ್ಲಿಯ ಹೆಸರು ತಾನಾಗಿಯೇ ನೆನಪಾಗುತ್ತದೆ. ಒಹಾಯೊ ಸಂಸ್ಥಾನದಲ್ಲಿ 1860ರಲ್ಲಿ ಹುಟ್ಟಿದ ಆ ಹುಡುಗಿ ಎಳೆವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡು, ಬೇಟೆಯಾಡಿ ಮಾರಿ ಬಡ ಸಂಸಾರವನ್ನು ಸಲಹಿದಳು. ತಾಯಿಯ ಮನೆಯ ಮೇಲಿದ್ದ ಸಾಲವನ್ನು ಕೋವಿಯ ಸಂಪಾದನೆಯಿಂದಲೇ ತೀರಿಸಿದಳು. ಮಾಂಸದಲ್ಲಿ ಚೂರುಗುಂಡು ಸಿಕ್ಕದಂತೆ ತಲೆಗೇ ಹೊಡೆಯುತ್ತಿದ್ದಳೆಂದೂ, ಹೋಟೆಲಿನವರು ಅದಕ್ಕಾಗಿಯೇ ಅವಳ ಬೇಟೆಯನ್ನು ಮೆಚ್ಚಿ ಕೊಳ್ಳುತ್ತಿದ್ದರೆಂದೂ ಹೇಳುವುದುಂಟು. 1885ರಲ್ಲಿ ಬಫೆಲೊ ಬಿಲ್ಲನ ಪ್ರದರ್ಶನವನ್ನು ಸೇರಿ ಲೋಕಪ್ರಸಿದ್ಧಳಾದಳು. ಆಕೆ ಬಳಸಿದ ಕೋವಿಗಳಲ್ಲಿ ಮಾರ್ಲಿನ್ನಿನ ಆ ಪುಟ್ಟ ಲೀವರ್ ರೈಫಲೂ ಒಂದು. 1922ರಲ್ಲಿ ಮೋಟಾರು ಅಪಘಾತದಲ್ಲಿ ಸೊಂಟದ ಮೂಳೆ ಮುರಿದು ಕಾಲಿಗೆ ಉಕ್ಕಿನ ಕಟ್ಟು ಬಂದರೂ, ಅರವತ್ತು ದಾಟಿದ ಆಕೆ ಮತ್ತೆ ಕೋವಿ ಹಿಡಿದು ಗುರಿ ಹೊಡೆದಳು. ಬದುಕಿನ ಕೊನೆಯ ವರ್ಷಗಳಲ್ಲಿಯೂ ಅವಳಿಗೆ ಆಸರೆಯಾದದ್ದು ಬಾಲ್ಯದಿಂದ ಕೈಗೆ ಅಂಟಿದ ವಾಡಿಕೆ.

ಜೀವಹಿಂಸೆಯನ್ನು ಒಲ್ಲದವರಿಗೂ ಈ ವಿದ್ಯೆಯಲ್ಲಿ ಎಡೆಯುಂಟು. ಕಬ್ಬಿಣದ ಕೋಳಿ, ಹಂದಿ, ಟರ್ಕಿ ಕೋಳಿ, ಟಗರುಗಳನ್ನು ಐವತ್ತು, ನೂರು, ನೂರೈವತ್ತು, ಇನ್ನೂರು ಮೀಟರುಗಳಲ್ಲಿ ನಿಲ್ಲಿಸಿ, ನಿಂತೇ ಲೀವರ್ ರೈಫಲಿನಿಂದ ಹೊಡೆದುರುಳಿಸುವ ಪಂದ್ಯ ಅಮೆರಿಕೆಯಲ್ಲಿದೆ. ಅದು ಮೆಕ್ಸಿಕೋದಿಂದ ಬಂದ ಆಟ. ಕನ್ನಡ ನಾಡಿನಲ್ಲಿ ಕೊಡಗಿನವರು ಕೈಲ್ ಪೊಳ್ದ್ ಹಬ್ಬದಲ್ಲಿ ಆಯುಧಗಳಿಗೆ ಪೂಜೆ ಸಲ್ಲಿಸಿ, ತೆಂಗಿನಕಾಯಿಯನ್ನು ಗುರಿಯಿಟ್ಟು ಕೋವಿಯ ಪಂದ್ಯವಾಡುತ್ತಾರೆ. ಭಾರತದಲ್ಲಿ 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಬೇಟೆಯ ಕಾಲ ಮುಗಿಯಿತು. ತೆಂಗಿನಕಾಯಿಗೆ ಗಾಯವಾಗಿ ಓಡಿಹೋಗುವ ಚಿಂತೆಯಿಲ್ಲ. ಗುರಿಯ ವಿದ್ಯೆಗೆ ಅದಕ್ಕಿಂತ ನಿರ್ಮಲವಾದ ಪಾತ್ರ ಸಿಕ್ಕುವುದು ಕಷ್ಟ.

ಪೆನ್ಸಿಲ್ವೇನಿಯದ ಗೃಹಸ್ಥನಿಗೆ ನವೆಂಬರ್ ಬಂತು. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಆತ ವರ್ಷದ ಲೆಕ್ಕ ತೆಗೆದಿದ್ದನು. ಕುಳಿತು, ಐವತ್ತು ಗಜ: ಹತ್ತಕ್ಕೆ ಹತ್ತು. ನಿಂತು, ಐವತ್ತು ಗಜ: ಹತ್ತಕ್ಕೆ ಒಂಬತ್ತು. ಕುಳಿತು, ನೂರು ಗಜ: ಹತ್ತಕ್ಕೆ ಒಂಬತ್ತು. ನಿಂತು, ನೂರು ಗಜ: ಹತ್ತಕ್ಕೆ ಐದು. ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದನು.

ಋತುವಿನ ಮೊದಲ ಬೆಳಗ್ಗೆ ಓಕ್ ಮರಗಳ ಏರಿನಲ್ಲಿ, ಹೊತ್ತು ಹುಟ್ಟಿ ಗಳಿಗೆಯಾಗಿದ್ದಾಗ, ಕವಲುಕೊಂಬಿನ ದೊಡ್ಡ ಗಂಡು ಜಿಂಕೆಯೊಂದು ಕಾಣಿಸಿತು. ದೂರ ನೂರು ಗಜಕ್ಕೆ ಕಡಿಮೆಯಿಲ್ಲ. ಕೆಳಗೆ ಪೊದೆ, ಕುಳಿತರೆ ಜಿಂಕೆ ಮರೆಯಾಗುತ್ತದೆ, ಒರಗಲು ಸಮೀಪದಲ್ಲಿ ಮರವಿಲ್ಲ. ಕೋವಿ ತಾನಾಗಿ ಭುಜಕ್ಕೇರಿತು, ಹಿಡಿ ತನ್ನ ಕುಳಿಯಲ್ಲಿ ಕುಳಿತಿತು, ಹೆಬ್ಬೆರಳು ಕುದುರೆಯನ್ನು ಎತ್ತಿತು. ಕೈ ನಡುಗಲಿಲ್ಲ. ಹಿಂದಿನ ವರ್ಷಗಳಲ್ಲಾಗಿದ್ದರೆ ಗುಂಡು ಆ ಕ್ಷಣವೇ ಹಾರಿರುತ್ತಿತ್ತು, ಏಕೆಂದರೆ ಆಗ ತನ್ನ ಕೈಯ ಬಲಾಬಲ ಅವನಿಗೆ ತಿಳಿದಿರಲಿಲ್ಲ. ಈಗ ತಿಳಿದಿತ್ತು, ಹತ್ತಕ್ಕೆ ಐದು. ಉಳಿದ ಐದು ಎಲ್ಲಿ ಬೀಳುತ್ತವೆಂಬುದೂ ಕಾಗದದ ತಟ್ಟೆಗಳ ಸುತ್ತಲಿನ ತೂತುಗಳಿಂದ ತಿಳಿದಿತ್ತು. ಜಿಂಕೆ ಒಂದು ನಿಮಿಷ ಕಿವಿ ನಿಮಿರಿಸಿ ನಿಂತು, ಬಿಳಿಯ ಬಾಲವನ್ನೆತ್ತಿ ಏರಿನ ಆಚೆಗೆ ಇಳಿದುಹೋಯಿತು. ಗೃಹಸ್ಥನು ಮೂತಿಯನ್ನು ನೆಲದತ್ತ ತಿರುಗಿಸಿ, ಕುದುರೆಯನ್ನು ಹೆಬ್ಬೆರಳಿನಲ್ಲಿ ಬಿಗಿಹಿಡಿದು, ಟ್ರಿಗರ್ ಒತ್ತಿ, ಮೆಲ್ಲಗೆ ಇಳಿಸಿ, ಅರ್ಧಕ್ಕೆ ತಂದು ನಿಲ್ಲಿಸಿದನು. ಮರಗಟ್ಟಿದ ಬೆರಳು ಜಾರಲಿಲ್ಲ. ಅದಕ್ಕೆ ಆ ಕೆಲಸ ಸಾವಿರಾರು ಸಲದ ಪರಿಚಯ.

ಸಂಜೆ ಬರಿಗೈಯಲ್ಲಿ ಬಂದವನನ್ನು ಕಂಡು ಮಕ್ಕಳಿಗೆ ನಿರಾಶೆಯಾಯಿತು. ಹೆಂಡತಿ ಏನನ್ನೂ ಕೇಳದೆ ಸೂಪು ಬಡಿಸಿದಳು. ನೋಟ್‌ಬುಕ್ಕಿನಲ್ಲಿ ಆ ದಿನದ ಪುಟಕ್ಕೆ ಹೀಗೆ ಬರೆಹ ಬಿತ್ತು: ನಿಂತು, ನೂರು ಗಜ, ಹಾರಿಸಿದ್ದು ಇಲ್ಲ, ಗಾಯ ಇಲ್ಲ. ಅದರ ಕೆಳಗೆ, ಮುಂದಿನ ವರ್ಷಕ್ಕೆ ನಿಂತು ಹೊಡೆಯುವ ಅಭ್ಯಾಸ ಹೆಚ್ಚಾಗಬೇಕ��ಂಬ ಒಂದು ಸೂಚನೆ. ಮರುದಿನ ರಾತ್ರಿ ಮಕ್ಕಳು ಮಲಗಿದ ಮೇಲೆ ನೆಲಮಾಳಿಗೆಯ ದೀಪ ಎಂದಿನಂತೆ ಹದಿನೈದು ನಿಮಿಷ ಉರಿಯಿತು.